ಹುಣಸೆಹಣ್ಣಿನಲ್ಲಿ ತೊಳೆದ ಕಾರ್ಬುರೇಟರ್

ನಮ್ಮ ಮನೆಯ ಚಕ್ಕುಲಿ ಡಬ್ಬದಲ್ಲಿ ಚಕ್ಕುಲಿ ಇದ್ದು ಎಷ್ಟೋ ವರ್ಷವಾಯಿತು. ಅದರಲ್ಲಿ ಇರುವುದು ನಟ್ಟು ಬೋಲ್ಟು. ಉಪ್ಪಿನಕಾಯಿ ಜಾಡಿಯಲ್ಲಿ ಪೆಟ್ರೋಲ್, ಪೆಟ್ರೋಲಿನಲ್ಲಿ ಮುಳುಗಿದ ಪಿಸ್ಟನ್ ರಿಂಗುಗಳು. ಮದುವೆಯಲ್ಲಿ ತವರಿನಿಂದ ಕೊಟ್ಟು ಕಳಿಸಿದ್ದ ಸ್ಟೀಲಿನ ಟಿಫನ್ ಕ್ಯಾರಿಯರ್ ಒಳಗೆ ಒಂದು ಹಿತ್ತಾಳೆಯ ಕಾರ್ಬುರೇಟರ್ ಬಿಚ್ಚಿಟ್ಟ ಹಾಗೇ ಕೂತಿತ್ತು. ಇದನ್ನೆಲ್ಲ ಹೀಗೆ ತುಂಬಿಟ್ಟವರು ನನ್ನ ಗಂಡ. ಅವರು ತೀರಿಕೊಂಡು ವರ್ಷ ಕಳೆದರೂ ಆ ಡಬ್ಬಗಳು ಹಿತ್ತಲಿನ ಶೆಡ್ಡಿನಲ್ಲಿ ಅವರು ಇಟ್ಟ ಜಾಗದಲ್ಲೇ ಇದ್ದವು. ಬೇಸರವೆಂದು ಬಿಟ್ಟದ್ದಲ್ಲ, ಪ್ರೀತಿಯಿಂದ ಉಳಿಸಿಕೊಂಡದ್ದೂ ಅಲ್ಲ. ಅಡುಗೆಮನೆಗೆ ಡಬ್ಬ ಬೇಕು ಅನ್ನಿಸಲಿಲ್ಲ, ಅಷ್ಟೇ.

ನನ್ನ ಗಂಡನಿಗೆ ಇದ್ದದ್ದು ಒಂದೇ ಹುಚ್ಚು. ಹಳೆಯ ಕಾಲದ ಸಣ್ಣ ಪೆಟ್ರೋಲ್ ಎಂಜಿನ್‌ಗಳನ್ನು ಹುಡುಕಿ ತರುವುದು, ಬಿಚ್ಚುವುದು, ತೊಳೆಯುವುದು, ಮತ್ತೆ ಜೋಡಿಸಿ ಓಡಿಸುವುದು. ಓಡಿಸಿ ಏನು ಮಾಡುತ್ತಾರೆ ಎಂದು ಬಂದವರೆಲ್ಲ ಕೇಳುತ್ತಿದ್ದರು. ಅದು ನೀರೆತ್ತುವುದಿಲ್ಲ, ಹಿಟ್ಟು ಬೀಸುವುದಿಲ್ಲ. ಸುಮ್ಮನೆ ಓಡುತ್ತದೆ. ಇವರು ಎದುರಿಗೆ ಸ್ಟೂಲು ಹಾಕಿಕೊಂಡು ತಲೆ ಒಂದು ಕಡೆಗೆ ವಾಲಿಸಿ ಕೇಳುತ್ತಾ ಕೂರುತ್ತಾರೆ. ನೌಕರಿ ವಿದ್ಯುತ್ ಇಲಾಖೆಯಲ್ಲಿ. ವಾರವೆಲ್ಲ ಹಳ್ಳಿಗಳ ಮೋಟಾರುಗಳಿಗೆ ಕರೆಂಟ್ ಕೊಟ್ಟು, ಭಾನುವಾರ ಬಂದರೆ ಆ ಕರೆಂಟಿನ ದೆಸೆಯಿಂದ ಮೂಲೆ ಸೇರಿದ ಎಂಜಿನ್‌ಗಳನ್ನು ಹೊತ್ತು ತರುತ್ತಿದ್ದರು. "ಏನ್ರೀ, ಪಾಪ ಕಳ್ಕೋತಾ ಇದೀರಾ?" ಎಂದರೆ ನಗುತ್ತಿದ್ದರು. ಮಾಗಡಿಯ ಗುಜರಿಯಿಂದ ಒಂದು, ರಾಮನಗರದಲ್ಲಿ ಬಾಗಿಲು ಮುಚ್ಚಿದ ರೇಷ್ಮೆ ನೂಲಿನ ಕಾರ್ಖಾನೆಯಿಂದ ಒಂದು, ಕನಕಪುರದ ಕಡೆಯ ಯಾರದೋ ತೋಟದ ಮನೆಯಿಂದ ಇನ್ನೊಂದು. ಚನ್ನಪಟ್ಟಣದ ನಮ್ಮ ಬೀದಿಯ ಹೆಂಗಸರು "ನಿಮ್ಮ ಸವತಿಯರು ಈಚೀಚೆಗೆ ಜಾಸ್ತಿಯಾದರು" ಎಂದು ಆಡಿಕೊಳ್ಳುತ್ತಿದ್ದರು. ನಿಜವಾದ ಸವತಿಯಾಗಿದ್ದರೆ ಊಟದ ಹೊತ್ತಿಗಾದರೂ ಗಂಡನನ್ನು ಕಳಿಸಿಕೊಡುತ್ತಿದ್ದಳೇನೋ. ಇವು ಕಳಿಸುತ್ತಿರಲಿಲ್ಲ.

ಊಟದ ವಿಷಯ ಹೇಳಲೇಬೇಕು. ಅವರು ಒಂದು ಊಟವನ್ನು ಕೂತು ಪೂರ್ತಿ ಮುಗಿಸಿದ್ದು ನನಗೆ ನೆನಪಿಲ್ಲ. ಮುದ್ದೆ ಮುರಿಯುವಾಗ ಏನೋ ಹೊಳೆಯುತ್ತಿತ್ತು, ಎಂಜಲು ಕೈಯಲ್ಲೇ ಎದ್ದು ಹೋಗುತ್ತಿದ್ದರು. ಇಲ್ಲವೇ ಅವರ ಸ್ನೇಹಿತ ಶೆಡ್ಡಿನಲ್ಲಿ ಯಾವುದಾದರೂ ಎಂಜಿನ್ನಿನ ಹಗ್ಗ ಎಳೆದು ಶುರು ಮಾಡಿಬಿಡುತ್ತಿದ್ದ. ಸದ್ದು ಕೇಳಿದ್ದೇ ತಡ, ಇವರು "ಇದೋ ಬಂದೆ" ಎಂದು ಎದ್ದರೆ ಬರುವುದು ಮುದ್ದೆ ಕಲ್ಲಾದ ಮೇಲೆ. ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟು ನನಗೆ ಸಾಕಾಗಿ ಹೋಗಿತ್ತು. ಅಡುಗೆಮನೆಯ ಕಿಟಕಿಯಿಂದ "ಸಾಕು ನಿಲ್ಲಿಸ್ರೀ, ಕುಕ್ಕರ್ ಕೂಗಿದ್ದೂ ಕೇಳ್ತಿಲ್ಲ" ಎಂದು ಕೂಗುವುದು ನನ್ನ ಭಾನುವಾರದ ಕೆಲಸವಾಗಿತ್ತು.

ಆ ಸ್ನೇಹಿತ ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯವನು. ತೋಟ, ಹೊಲ, ಹಸು ಎಲ್ಲ ಇರುವ ಒಕ್ಕಲು ಮನೆಯವನು. ಅವನಿಗೂ ಇದೇ ಹುಚ್ಚು. ಬೇಸಾಯವನ್ನು ತಮ್ಮನ ತಲೆಗೆ ಕಟ್ಟಿ ಬಸ್ಸು ಹತ್ತಿ ಬರುತ್ತಿದ್ದ. ಇವರು ಅವನನ್ನು "ಲೇ" ಎನ್ನುತ್ತಿದ್ದರು, ಅವನು ಇವರನ್ನು "ಏನ್ಲಾ" ಎನ್ನುತ್ತಿದ್ದ. ನನಗೆ ಮಾತ್ರ "ಅಕ್ಕ" ಎಂದು ಮರ್ಯಾದೆ.

ಶೆಡ್ಡಿನಲ್ಲಿದ್ದ ಎಂಜಿನ್‌ಗಳೆಲ್ಲ ಇವರ ಕೈಯಲ್ಲಿ ಒಂದಲ್ಲ ಒಂದು ದಿನ ಓಡಿದವು. ಓಡದೆ ಉಳಿದದ್ದು ಒಂದೇ. ಅದು ನನ್ನ ತವರಿನದು. ಹೊಂಗನೂರಿನಲ್ಲಿ ನಮ್ಮಪ್ಪನ ಹಿಪ್ಪುನೇರಳೆ ತೋಟಕ್ಕೆ ಕರೆಂಟ್ ಬರುವ ಮುಂಚೆ ಬಾವಿಯಿಂದ ನೀರೆತ್ತುತ್ತಿದ್ದ ಎಂಜಿನ್. ಪೆಟ್ರೋಲಿನಲ್ಲಿ ಶುರು ಮಾಡಿ, ಮೈ ಬಿಸಿಯಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಬಿಡುವಂಥದ್ದು. ಅಪ್ಪ ಅದರ ಗಾಲಿಗೆ ಹಗ್ಗ ಸುತ್ತಿ, ಒಂದು ಕಾಲು ಹಿಂದಿಟ್ಟು, ಇಡೀ ಮೈ ಹಾಕಿ ಎಳೆಯುತ್ತಿದ್ದರು. ಸ್ಕೂಲಿನಿಂದ ಬರುವಾಗ ಕೆರೆ ಏರಿಯ ಮೇಲೆಯೇ ಅದರ ಸದ್ದು ಕೇಳುತ್ತಿತ್ತು. ಕೇಳಿದರೆ ಅಪ್ಪ ತೋಟದಲ್ಲಿದ್ದಾರೆ ಎಂದು ಅರ್ಥ, ನಾನು ನೇರ ಅಲ್ಲಿಗೇ ಹೋಗುತ್ತಿದ್ದೆ. ಕರೆಂಟ್ ಬಂದ ಮೇಲೆ ಅದು ಕೊಟ್ಟಿಗೆಯಲ್ಲಿ ಗೋಣಿಚೀಲದ ಕೆಳಗೆ ಸೇರಿತು. ಅಪ್ಪನ ಕಾಲದ ನಂತರ ನನ್ನ ಅಣ್ಣ ಅದನ್ನು ಗುಜರಿಗೆ ಹಾಕಲು ಹೊರಟಿದ್ದಾಗ ಇವರು ಗೂಡ್ಸ್ ಆಟೋ ಮಾಡಿಸಿಕೊಂಡು ಹೋಗಿ ತಂದರು.

"ನಿನ್ನ ತವರಿಂದು. ಇದನ್ನ ಮಾತಾಡಿಸದೆ ಬಿಡಲ್ಲ" ಎಂದರು.

ಮಾತಾಡಲಿಲ್ಲ ಅದು. ಎಳೆದರೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಇವರು ಅದಕ್ಕೆ ಮಾಡದ ಉಪಚಾರವಿಲ್ಲ. ಕಿಡಿ ಸರಿಯಾಗಿ ಬರುತ್ತಿತ್ತು. ರಿಂಗು ಹೊಸದು ಹಾಕಿದರು. ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹಾಯುವ ಜೆಟ್ ಎಂಬ ಚೂರೊಂದಿದೆ, ಅದರ ತೂತು ಕೂದಲೆಳೆಯಷ್ಟು. ಅದಕ್ಕೆ ಸೂಜಿ ಹಾಕಿದರೆ ತೂತು ದೊಡ್ಡದಾಗಿ ಕೆಡುತ್ತದೆಂದು ರಾಮನಗರದಿಂದ ಹಸಿ ರೇಷ್ಮೆಯ ಎಳೆ ತಂದು, ಎಂಜಲು ಹಚ್ಚಿ, ಕಣ್ಣು ಕಿರಿದು ಮಾಡಿ ಪೋಣಿಸಿ ಎಳೆಯುತ್ತಿದ್ದರು. ಹೂ ಕಟ್ಟಲು ಕೂತ ಮುದುಕಿಯಂತೆ ಕಾಣುತ್ತಿದ್ದರು. ಎಳೆ ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಬರುತ್ತಿತ್ತು. ಎಂಜಿನ್ ಮಾತ್ರ ಕೆಮ್ಮುತ್ತಿತ್ತು.

ಅವರು ಹೋದದ್ದು ಒಂದು ಭಾನುವಾರ. ಇದೇ ಎಂಜಿನ್ನಿಗೆ ಏನೋ ಸಿಕ್ಕಿತೆಂದು ಮಾಗಡಿಗೆ ಹೋಗಿದ್ದವರು ವಾಪಸು ಬರುವಾಗ, ಕೆಂಗಲ್ ಹತ್ತಿರ ಬಸ್ಸಿನಲ್ಲೇ ಎದೆ ಹಿಡಿದುಕೊಂಡರಂತೆ. ಕಂಡಕ್ಟರ್ ಬಸ್ಸನ್ನು ನೇರ ಆಸ್ಪತ್ರೆಗೆ ತಿರುಗಿಸಿದ. ನಾನು ಅದೇ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸದವಳು. ಅವತ್ತು ರಜೆ. ನಾನು ಹೋಗಿ ಸೇರುವಷ್ಟರಲ್ಲಿ ಮುಗಿದಿತ್ತು. ಅವರ ಚೀಲವನ್ನು ನನ್ನ ಕೈಗೆ ಕೊಟ್ಟರು. ಭಾರವಿತ್ತು, ಒಳಗೆ ಕಬ್ಬಿಣ. ಮನೆಗೆ ಬಂದು ಅದನ್ನು ಶೆಡ್ಡಿನಲ್ಲಿಟ್ಟೆ, ಕೈ ತೊಳೆದೆ, ಬಂದವರಿಗೆ ಚಾಪೆ ಹಾಸಿದೆ.

ಅಳು ಬರಲಿಲ್ಲ. ಮಣ್ಣು ಮಾಡುವಾಗ ಬರಲಿಲ್ಲ, ಹಾಲು ತುಪ್ಪ ಬಿಡುವಾಗ ಬರಲಿಲ್ಲ, ತಿಥಿಯಲ್ಲೂ ಬರಲಿಲ್ಲ. ಮೊದಮೊದಲು ಆಮೇಲೆ ಬರುತ್ತದೆ ಎಂದುಕೊಂಡೆ. ಕೆಲಸಕ್ಕೆ ಹೋದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಜನಕ್ಕೆ ಮಾತ್ರೆ ತಿಳಿಸಿ ಹೇಳಿದೆ, ಒಂದು ದಿನವೂ ತಪ್ಪಾಗಲಿಲ್ಲ. ರುಚಿ ಗೊತ್ತಾಗುತ್ತಿತ್ತು, ಹಸಿವೆಯಾಗುತ್ತಿತ್ತು, ನಿದ್ದೆ ಬರುತ್ತಿತ್ತು. ಹಲ್ಲು ಕೀಳಿಸಿಕೊಂಡ ದಿನ ದವಡೆ ಮುಟ್ಟಿದರೆ ಅದು ಬೇರೆ ಯಾರದೋ ದವಡೆ ಅನ್ನಿಸುತ್ತದಲ್ಲ, ನನ್ನ ಇಡೀ ಮೈ ಹಾಗಿತ್ತು. ಬಂಧುಗಳಲ್ಲಿ ಕೆಲವರು ಗಟ್ಟಿ ಜೀವ ಎಂದರು, ಕೆಲವರು ಕಲ್ಲು ಮನಸ್ಸು ಎಂದರು. ಎರಡನ್ನೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮಾಗಡಿಯಲ್ಲಿರುವ ನನ್ನ ನಾದಿನಿ, ಅವರ ತಂಗಿ, ಒಳ್ಳೆಯವಳು, ಬಂದಾಗಲೆಲ್ಲ ನನ್ನ ಕೈ ಹಿಡಿದುಕೊಂಡು ಕೂರುತ್ತಿದ್ದಳು.

"ಅತ್ತಿಗೆ, ಒಂದ್ಸಲ ಅತ್ಬುಡಿ. ಒಳಗೇ ಮಡಿಕಂಡ್ರೆ ಕಾಯ್ಲೆ ಆಯ್ತದೆ."

"ಒಳಗೆ ಏನಾದ್ರೂ ಇದ್ರೆ ತಾನೆ ಅಳೋದು" ಎಂದೆ. ನಿಜ ಹೇಳಿದ್ದೆ. ಅವಳು ನನ್ನ ಪರವಾಗಿ ತಾನೇ ಅತ್ತಳು.

ವರ್ಷದ ತಿಥಿ ಮುಗಿದ ಮೇಲೆ ದೊಡ್ಡಆಲಹಳ್ಳಿಯ ಸ್ನೇಹಿತ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ. ಒಳಗೆ ಹೋಗಲು ಅವನಿಗೆ ಆಗಲಿಲ್ಲ. "ಇಲ್ಲೇ ಇದ್ರೆ ತುಕ್ಕು ತಿಂದ್ಬುಡ್ತವೆ ಅಕ್ಕ. ನಮ್ ತೋಟದಲ್ಲಿ ಶೆಡ್ ಐತೆ. ವಾರಕ್ಕೊಂದ್ಸಲ ಓಡುಸ್ಕಂಡು ಮಡಗ್ತೀನಿ. ನಿಮ್ಗೆ ಒಪ್ಗೆ ಇದ್ರೆ" ಎಂದ. ನಾನು ತಗೊಂಡು ಹೋಗಿ ಎಂದೆ, ಹಳೆ ಪೇಪರ್ ಕೊಟ್ಟ ಹಾಗೆ. ಮಹಾಲಯ ಅಮಾವಾಸ್ಯೆಯ ಊಟಕ್ಕೆ ಬಂದು ಅವತ್ತೇ ಟೆಂಪೋದಲ್ಲಿ ತುಂಬಿಸುವುದೆಂದಾಯಿತು. ಅವನು ಮೂಲೆಯಲ್ಲಿದ್ದ ತವರಿನ ಎಂಜಿನ್ ಕಡೆ ನೋಡಿ, "ಅದೂವೆ?" ಎಂದ.

"ಅದನ್ನ ಒಂದು ಸಲ ಓಡಿಸಿ, ಆಮೇಲೆ ತಗೊಂಡು ಹೋಗಿ" ಎಂದೆ.

ಯಾಕೆ ಹಾಗೆಂದೆ ಎಂದು ಅವನಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಅದು ಓಡಿದರೆ ನನಗೆ ಅಳು ಬಂದೀತು ಎಂದು ನನ್ನೊಳಗೆ ನಾನೇ ಒಂದು ಲೆಕ್ಕ ಹಾಕಿಕೊಂಡಿದ್ದೆ. ಅಪ್ಪನ ಸದ್ದು ಅದು, ಇವರು ಕೇಳಲು ಒದ್ದಾಡಿ ಕೇಳದೆ ಹೋದ ಸದ್ದು. ಅದಕ್ಕೂ ಬರದಿದ್ದರೆ ನನ್ನಲ್ಲಿ ಏನೋ ಪೂರ್ತಿ ಸತ್ತಿದೆ ಎಂದೇ ತಿಳಿಯುವುದು. ಅದು ಗೊತ್ತಾಗಬೇಕಿತ್ತು ನನಗೆ. ಹೆದರಿಕೆಯಿತ್ತು ಅನ್ನಬಹುದು, ಆ ವರ್ಷದಲ್ಲಿ ನನಗಿದ್ದ ಒಂದೇ ಭಾವನೆ ಅದು.

ಅವನು ಆಮೇಲೆ ಒಂದೆರಡು ಭಾನುವಾರ ಬಂದು ಒದ್ದಾಡಿದ. ಟಿಫನ್ ಕ್ಯಾರಿಯರ್‌ನಿಂದ ಕಾರ್ಬುರೇಟರ್ ತೆಗೆದು ಜೋಡಿಸುವುದು, ಹಗ್ಗ ಎಳೆಯುವುದು, ಅದು ಎರಡು ಸಲ ಕೆಮ್ಮುವುದು, ಇವನು ಮತ್ತೆ ಬಿಚ್ಚಿ ಅದರೊಳಗೇ ಇಡುವುದು. "ಅವ್ನ್ ಕೈಲೇ ಆಗ್ನಿಲ್ಲ, ನನ್ ಕೈಲಿ ಆದದೆ?" ಎಂದು ಬೆವರು ಒರೆಸಿಕೊಂಡು ಹೋದ. ನಾನು ಕಿಟಕಿಯಲ್ಲಿ ನಿಂತು ನೋಡಿದೆ.

ಅಮಾವಾಸ್ಯೆಗೆ ಮುಂಚೆ ನಾದಿನಿ ಬಂದಳು, ಹಬ್ಬದ ಕೆಲಸಕ್ಕೆ. ಹಿರಿಯರಿಗೆ ಎಡೆ ಇಡುವ ಹಬ್ಬವೆಂದರೆ ನಮ್ಮ ಕಡೆ ಮನೆಯ ಒಂದು ಚಮಚವನ್ನೂ ತೊಳೆಯದೆ ಬಿಡುವುದಿಲ್ಲ. ನಾನು ಡ್ಯೂಟಿಗೆ ಹೋಗಿದ್ದೆ. ನೆಂಟರ ಮನೆಗಳಿಗೆ ಕಜ್ಜಾಯ ಕಳಿಸಲು ಟಿಫನ್ ಕ್ಯಾರಿಯರ್ ಬೇಕೆಂದು ಅವಳು ಹುಡುಕಿದ್ದಾಳೆ, ಶೆಡ್ಡಿನಲ್ಲಿ ಸಿಕ್ಕಿದೆ. ಒಳಗಿದ್ದದ್ದು ಹಿತ್ತಾಳೆ. ಹಿತ್ತಾಳೆ ಕಂಡ ಮೇಲೆ ನಮ್ಮ ಹೆಂಗಸರ ಕೈ ಸುಮ್ಮನಿರುವುದುಂಟೇ. ದೀಪದ ಕಂಬ, ಗಂಟೆ, ಆರತಿ ತಟ್ಟೆಗಳ ಜೊತೆ ಅದನ್ನೂ ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿದಳು. ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ತೆಂಗಿನ ನಾರಿನಿಂದ ಉಜ್ಜಿ, ತೊಳೆದು, ಮೊರದಲ್ಲಿ ಬಿಸಿಲಿಗಿಟ್ಟಿದ್ದಳು. ಗಂಟೆಯ ಪಕ್ಕ ಕಾರ್ಬುರೇಟರ್, ಕುಂಕುಮದ ಬಟ್ಟಲ ಪಕ್ಕ ಜೆಟ್ಟು. ಎಲ್ಲ ಚಿನ್ನದ ಹಾಗೆ ಫಳಫಳ ಅನ್ನುತ್ತಿದ್ದವು.

"ಇದೇನ್ ಮಾಡಿದ್ಯೇ?" ಎಂದೆ.

"ಯಾವ್ದೋ ಹಳೇ ದೀಪದ ಬುಡ ಅಂದ್ಕಂಡೆ ಅತ್ತಿಗೆ. ಮಸಿ ಹಿಡ್ದು ಹೋಗಿತ್ತು ನೋಡಿ."

ಆ ಮಸಿ ಅವಳ ಅಣ್ಣನ ಬೆರಳಿನದು. ಅದು ಗೊತ್ತಾದ ಮೇಲೆ ಅವಳು ಮೊರದ ಮುಂದೆಯೇ ಕುಸಿದು ಕೂತು ಗೋಳೋ ಎಂದಳು. ನಾನೇ ಸಮಾಧಾನ ಮಾಡಿದೆ. ನನಗೆ ಸಿಟ್ಟು ಬರಬೇಕಿತ್ತು. ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಹೋಗಲಿ ಬಿಡು, ಹೇಗೂ ಓಡದ ಎಂಜಿನ್ನಿನದು ಎಂದೆ. ಅಡುಗೆಮನೆಗೆ ಹೋಗಿ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿದೆ.

ಹಬ್ಬದ ದಿನ ಸ್ನೇಹಿತ ಟೆಂಪೋ ತಂದು ಬೀದಿಯಲ್ಲಿ ನಿಲ್ಲಿಸಿದ. ಮೊರದಲ್ಲಿದ್ದದ್ದನ್ನು ನೋಡಿ ಮೊದಲು ನಕ್ಕ. ಆಮೇಲೆ ಕಾರ್ಬುರೇಟರನ್ನು ಎತ್ತಿ ಬಾಯಿಟ್ಟು ಊದಿದ. ಇನ್ನೊಂದು ಸಲ ಊದಿದ. ನಗು ನಿಂತಿತು.

"ಅಕ್ಕ, ಇದ್ರೊಳಗೆ ಅಡ್ಡಕ್ಕೆ ಇನ್ನೊಂದು ತೂತೈತೆ. ನಮ್ಗೆ ಗೊತ್ತೇ ಇರ್ನಿಲ್ಲ. ಅಲ್ಲಿ ಕಿಲುಬು ಕಟ್ಕಂಡಿತ್ತು. ಹುಣ್ಸೆ ಹುಳಿಗೆ ಬುಟ್ಕಂಡೈತೆ. ಗಾಳಿ ಹೆಂಗ್ ಬತ್ತಾ ಐತೆ ನೋಡಿ ಬೇಕಾದ್ರೆ."

ನನ್ನ ಅಂಗೈ ಮೇಲೆ ಊದಿ ತೋರಿಸಿದ. ಅಂಗೈಗೆ ಗಾಳಿ ತಾಗಿತು. ರೇಷ್ಮೆ ಎಳೆ ನೇರ ಹೋಗುತ್ತದೆ, ಮೂಲೆಯಲ್ಲಿ ತಿರುಗುವುದಿಲ್ಲ. ಇವರು ಅಷ್ಟು ವರ್ಷ ನೇರ ದಾರಿಯನ್ನೇ ತೊಳೆಯುತ್ತಿದ್ದರು. ಅವರಿದ್ದಾಗ ಒಂದು ಹಬ್ಬಕ್ಕಾದರೂ ಆ ಡಬ್ಬ ನನ್ನ ಕೈಗೆ ಸಿಕ್ಕಿದ್ದರೆ ನಾನೂ ಹೀಗೇ ತೊಳೆದಿಡುತ್ತಿದ್ದೆ, ಅವರೂ ಕೂಗಾಡುತ್ತಿದ್ದರು, ಆಮೇಲೆ ಊದಿ ನೋಡುತ್ತಿದ್ದರು. ಇದನ್ನು ಯೋಚಿಸಿದಾಗಲೂ ಮನಸ್ಸು ಮರದ ಹಾಗೇ ಇತ್ತು. ಅವನು ಕಾರ್ಬುರೇಟರ್ ಹಿಡಿದು ಶೆಡ್ಡಿಗೆ ಹೋದ. ನಾನು ಎಡೆಯ ಕೆಲಸಕ್ಕೆ ಒಳಗೆ ಹೋದೆ.

ಎಡೆಯಲ್ಲಿ ತೀರಿಹೋದವರ ಇಷ್ಟದ್ದನ್ನೆಲ್ಲ ಇಡಬೇಕು. ಬಾಳೆಲೆ ಹಾಸಿ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ ಬಡಿಸಿದೆವು. ಹೊಸ ಪಂಚೆ, ಶರ್ಟು ಇಟ್ಟೆವು. ನಾದಿನಿ ಸೊಂಟದ ಮೇಲೆ ಕೈಯಿಟ್ಟು ಎಲೆಯನ್ನೇ ನೋಡಿದಳು. "ಅಪ್ಪಂಗೆ ಬೀಡಿ ಮಡಗ್ತಿದ್ವಿ, ತಾತಂಗೆ ಬ್ರಾಂದಿ. ಅಣ್ಣಂಗೆ ಒಂದು ಚಟನೂ ಇರ್ನಿಲ್ವಲ್ಲ ಅತ್ತಿಗೆ, ಏನ್ ಮಡಗೋದು?"

"ಸ್ಪ್ಯಾನರ್ ಇಡು" ಎಂದೆ.

ತಮಾಷೆಗೆ ಅಂದದ್ದು. ಅವಳು ನಿಜವಾಗಿಯೂ ಹೋಗಿ ತಂದು, ತೊಳೆದು, ವಿಭೂತಿ ಹಚ್ಚಿ ಎಲೆಯ ಬಲಗಡೆಗಿಟ್ಟಳು. ಹಬ್ಬಕ್ಕೆಂದು ಬಂದಿದ್ದ ಮೈದುನ, ಅವರ ತಮ್ಮ, ಧೂಪ ಹಾಕಿದ. ಎಲ್ಲರೂ ಅಡ್ಡಬಿದ್ದು ಈಚೆ ಬಂದು ಬಾಗಿಲು ಮುಂದೆ ಮಾಡಿಕೊಂಡೆವು. ನಮ್ಮಲ್ಲಿ ಹಾಗೆ. ಎಡೆಯಿಟ್ಟ ಮೇಲೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಹೊರಗೆ ಕೂರಬೇಕು, ಹೋದವರು ಬಂದು ಉಂಡು ಹೋಗಲಿ ಎಂದು. ಯಾರೂ ಮಾತಾಡಬಾರದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ನನಗೆ ಚಿಕ್ಕಂದಿನಿಂದ ಇದರಲ್ಲಿ ನಂಬಿಕೆಯಿಲ್ಲ, ಅಪನಂಬಿಕೆಯೂ ಇಲ್ಲ. ಕೂರಬೇಕು, ಕೂರುತ್ತೇನೆ. ಹಿತ್ತಲ ಜಗಲಿಯ ಮೇಲೆ ನಾದಿನಿ, ಮೈದುನ, ನಾನು ಸಾಲಾಗಿ ಕೂತೆವು. ಕಾಗೆಗಳು ತೆಂಗಿನ ಮರದಲ್ಲಿ ಕೂಗುತ್ತಿದ್ದವು.

ಸ್ನೇಹಿತ ಶೆಡ್ಡಿನಲ್ಲಿದ್ದ. ಬಾಗಿಲು ಮುಚ್ಚಿದ್ದು ಅವನಿಗೆ ಗೊತ್ತಾಗಲಿಲ್ಲ ಅನ್ನಿಸುತ್ತದೆ. ಹಗ್ಗ ಸುತ್ತಿ ಎಳೆದ. ಅದು ಕೆಮ್ಮಿತು. ಇನ್ನೊಂದು ಸಲ ಎಳೆದ. ಮತ್ತೆ ಕೆಮ್ಮಿತು. ಮೈದುನ ಸುಮ್ಮನಿರಿಸಲೆಂದು ಏಳುವಷ್ಟರಲ್ಲಿ ಮೂರನೆಯ ಸಲ ಎಳೆದ.

ಎಂಜಿನ್ ಶುರುವಾಯಿತು.

ಮೊದಲು ತಡವರಿಸಿ, ಹೊಗೆ ಉಗುಳಿ, ಆಮೇಲೆ ಒಂದೇ ಸಮ ಟಕಟಕ ಓಡತೊಡಗಿತು. ಕೆರೆ ಏರಿಯ ಮೇಲೆ ಕೇಳುತ್ತಿದ್ದ ಅದೇ ಸದ್ದು, ನಾಲ್ಕು ಬಡಿತಕ್ಕೊಮ್ಮೆ ಒಂದು ಸಣ್ಣ ಎಡವು ಸಹಿತ. ಜಗಲಿಯ ಕಲ್ಲು ನಡುಗುವುದು ಕಾಲಿಗೆ ಗೊತ್ತಾಯಿತು. ಸ್ನೇಹಿತ ಶೆಡ್ಡಿನಿಂದ ಈಚೆ ಬಂದು ನನ್ನ ಕಡೆ ನೋಡುತ್ತಾ ನಿಂತ. ಅವನ ಮುಖವೆಲ್ಲ ನೀರು. ನಾದಿನಿಯೂ ನನ್ನನ್ನೇ ನೋಡುತ್ತಿದ್ದಳು. ಇಷ್ಟು ದಿನ ಕಾದ ಗಳಿಗೆ ಅದು, ನನಗೂ ಗೊತ್ತಿತ್ತು. ನಾನು ಕಾದೆ. ಎದೆಯಲ್ಲಿ ಏನೂ ಅಲುಗಲಿಲ್ಲ. ಓಹೋ, ಹಾಗಾದರೆ ಇಷ್ಟೇ, ಎಂದುಕೊಂಡೆ.

ಅಷ್ಟರಲ್ಲಿ ಮುಚ್ಚಿದ ಬಾಗಿಲು ಕಣ್ಣಿಗೆ ಬಿತ್ತು. ನಾನು ದಡಕ್ಕನೆ ಎದ್ದು ನಿಂತೆ.

"ನಿಲ್ಸಿ ಅಣ್ಣ" ಎಂದೆ. "ನಿಲ್ಸಿ ಅದ್ನ. ಅವ್ರು ಊಟಕ್ಕೆ ಕೂತವ್ರೆ. ಸದ್ದು ಕೇಳುದ್ರೆ ಎದ್ದು ಬಂದ್ಬುಡ್ತಾರೆ."

ಅವನು ಓಡಿ ಹೋಗಿ ಪ್ಲಗ್ಗಿನ ಮೇಲಿನ ತಗಡಿನ ಪಟ್ಟಿ ಒತ್ತಿದ. ಎಂಜಿನ್ ನಿಂತಿತು. ಗಾಲಿ ಇನ್ನೂ ಸ್ವಲ್ಪ ತಿರುಗಿ ಅದೂ ನಿಂತಿತು. ಪೆಟ್ರೋಲ್ ವಾಸನೆ ಹಿತ್ತಲಲ್ಲೆಲ್ಲ ಹರಡಿತ್ತು. ನಾನು ಮತ್ತೆ ಜಗಲಿಯ ಮೇಲೆ ಕೂತೆ. ನಾದಿನಿ ತನ್ನ ಸೆರಗನ್ನು ನನ್ನ ಮುಖಕ್ಕೆ ಒತ್ತಿದಾಗಲೇ ಮುಖ ಒದ್ದೆಯಾಗಿರುವುದು ನನಗೆ ತಿಳಿದದ್ದು. ಅದು ನಿಲ್ಲಲೂ ಇಲ್ಲ. ಕುತ್ತಿಗೆಯವರೆಗೆ ಇಳಿದು ರವಿಕೆ ನೆನೆಯಿತು.

ಕಾಗೆಗಳು ಕೆಳಗಿಳಿದು ಬಂದವು. ಮೈದುನ ಮೆಲ್ಲಗೆ ಎದ್ದು ಬಾಗಿಲ ಹತ್ತಿರ ಹೋದ. "ಹೊತ್ತಾಯ್ತು ಅತ್ತಿಗೆ. ಬಾಗ್ಲು ತಟ್ಲಾ?" ಎಂದ.

"ಬ್ಯಾಡ. ಇನ್ನೊಸಿ ಇರ್ಲಿ" ಎಂದೆ. "ಇವತ್ತಾದ್ರೂ ಕೂತು ಪೂರ್ತಿ ಉಣ್ಲಿ."

ಮೈದುನ ವಾಪಸು ಬಂದು ನನ್ನ ಪಕ್ಕದಲ್ಲಿ ಕೂತ.